ಜೀನ್‌ಗಳೆಲ್ಲ ಸರಿಯಿದ್ದೂ ಒಂದು ವರ್ಣತಂತು ಹೆಚ್ಚಾದರೆ ಬೆಳವಣಿಗೆ ಬದಲಾಗುವುದೇಕೆ?

ಜಿಜ್ಞಾಸು

ಅನುವಂಶೀಯತೆಯ ಬಗ್ಗೆ ಓದುವಾಗ ಪಠ್ಯಗಳು ಹೇಳದೆ ದಾಟಿಬಿಡುವ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಕುಡಗೋಲು ಕಣ ರಕ್ತಹೀನತೆಯಂತಹ ಕಾಯಿಲೆ ಅರ್ಥವಾಗುತ್ತದೆ: ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗುತ್ತದೆ, ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತದೆ, ಪ್ರೋಟೀನ್‌ನ ಸ್ವಭಾವವೇ ಬೇರೆಯಾಗುತ್ತದೆ. ಆದರೆ ಡೌನ್ ಸಿಂಡ್ರೋಮ್‌ನಲ್ಲಿ ಕೆಟ್ಟ ಜೀನ್ ಎಂಬುದೇ ಇಲ್ಲ. 21ನೆಯ ವರ್ಣತಂತುವಿನ ಮೂರು ಪ್ರತಿಗಳಿರುತ್ತವೆ, ಮೂರೂ ಸಾಮಾನ್ಯವಾದವೇ. ಸರಿಯಾದ ಜೀನ್‌ನ ಇನ್ನೊಂದು ಪ್ರತಿ ಹೆಚ್ಚಾಗಿ ಸಿಕ್ಕರೆ ನಷ್ಟವೇನು?

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆಯಿದೆ. ಎಷ್ಟೋ ಕಾಯಿಲೆಗಳಲ್ಲಿ ಎರಡು ಪ್ರತಿಗಳ ಪೈಕಿ ಒಂದು ಪೂರ್ತಿ ನಿಷ್ಕ್ರಿಯವಾಗಿದ್ದರೂ ಆ ವ್ಯಕ್ತಿ ಬರಿಯ ವಾಹಕ, ಆರೋಗ್ಯಕ್ಕೇನೂ ಕೊರತೆಯಿಲ್ಲ. ಅರ್ಧ ಪ್ರಮಾಣವೇ ದೇಹಕ್ಕೆ ಸಾಲುವುದಾದರೆ ಒಂದೂವರೆ ಪಟ್ಟು ಮಾತ್ರ ಏಕೆ ಹೊರೆಯಾಗಬೇಕು? ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ.

ಕೋಶವೀಕ್ಷಕಿ

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಗೆಹರಿದಂತೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ವಾಹಕರು ಆರೋಗ್ಯವಾಗಿರುವ ಕಾಯಿಲೆಗಳ ಪಟ್ಟಿಯನ್ನು ತೆರೆದು ನೋಡಿದರೆ ಅದರಲ್ಲಿ ಕಿಣ್ವಗಳೇ ತುಂಬಿರುತ್ತವೆ. ಫಿನೈಲ್‌ಕೀಟೋನ್ಯೂರಿಯಾ ಒಳ್ಳೆಯ ಉದಾಹರಣೆ. ಫಿನೈಲಲನಿನ್ ಎಂಬ ಅಮೈನೋ ಆಮ್ಲವನ್ನು ಪರಿವರ್ತಿಸುವ ಕಿಣ್ವದ ಜೀನ್ 12ನೆಯ ವರ್ಣತಂತುವಿನಲ್ಲಿದೆ; ಒಂದು ಪ್ರತಿ ಕೆಲಸ ಮಾಡದಿದ್ದರೆ ಕಿಣ್ವದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದರೂ ರಕ್ತದಲ್ಲಿ ಫಿನೈಲಲನಿನ್ ಅಪಾಯದ ಮಟ್ಟಕ್ಕೆ ಏರುವುದಿಲ್ಲ. ಏಕೆಂದರೆ ಕಿಣ್ವಗಳು ಸರಪಳಿಯಲ್ಲಿ ಕೆಲಸ ಮಾಡುತ್ತವೆ. ಹತ್ತು ಜನ ಸಾಲಾಗಿ ನಿಂತು ಇಟ್ಟಿಗೆ ದಾಟಿಸುವಾಗ ಅವರಲ್ಲೊಬ್ಬನ ಗರಿಷ್ಠ ವೇಗ ಅರ್ಧವಾದರೂ, ಅವನಿಗೆ ಮೊದಲೇ ಬಿಡುವು ಇದ್ದಿದ್ದರೆ, ಸಾಲಿನ ಕೊನೆಯಲ್ಲಿ ಬೀಳುವ ಇಟ್ಟಿಗೆಗಳ ಲೆಕ್ಕದಲ್ಲಿ ವ್ಯತ್ಯಾಸ ಕಾಣದು. ಈ ವಾದವನ್ನು ಸೀವಾಲ್ ರೈಟ್ 1930ರ ದಶಕದಲ್ಲಿಯೇ ಮುಂದಿಟ್ಟಿದ್ದರು. 1981ರಲ್ಲಿ ಕ್ಯಾಕ್ಸರ್ ಮತ್ತು ಬರ್ನ್ಸ್ ಇದನ್ನು ಗಣಿತದ ಚೌಕಟ್ಟಿಗೆ ತಂದರು. ಅಂದರೆ ಜೀನ್‌ನ ಬರಹದಲ್ಲಾದ ಒಂದು ಬದಲಾವಣೆ (ಉತ್ಪರಿವರ್ತನೆ) ದುರ್ಬಲವೆನಿಸಿಕೊಳ್ಳುವುದು, ಎಂದರೆ ಒಂದೇ ಪ್ರತಿಯಲ್ಲಿದ್ದಾಗ ಕಾಣಿಸಿಕೊಳ್ಳದಿರುವುದು, ಆ ಜೀನ್‌ನ ಸ್ವಂತ ಗುಣದಿಂದಲ್ಲ, ಅದರ ಪ್ರೋಟೀನ್ ಯಾವ ವ್ಯವಸ್ಥೆಯಲ್ಲಿ ಸೇರಿಕೊಂಡಿದೆ ಎಂಬುದರಿಂದ.

ಆದರೆ ಎಲ್ಲ ಪ್ರೋಟೀನ್‌ಗಳೂ ಕಿಣ್ವಗಳಲ್ಲ. ಭ್ರೂಣದ ಬೆಳವಣಿಗೆಯನ್ನು ನಡೆಸುವವು ಹೆಚ್ಚಾಗಿ ಬೇರೆ ಜೀನ್‌ಗಳನ್ನು ಚಾಲೂ ಮಾಡುವ ಅಥವಾ ಅಡಗಿಸುವ ನಿಯಂತ್ರಕ ಪ್ರೋಟೀನ್‌ಗಳು. ಇವುಗಳ ಸಾಂದ್ರತೆಯೇ ಸಂದೇಶ: ಇಷ್ಟಿದ್ದರೆ ಈ ಜೀನ್ ಚಾಲೂ, ಇದಕ್ಕಿಂತ ಕಡಿಮೆಯಾದರೆ ಇಲ್ಲ. 11ನೆಯ ವರ್ಣತಂತುವಿನಲ್ಲಿರುವ ಪ್ಯಾಕ್ಸ್-6 ಜೀನ್‌ನ ಒಂದು ಪ್ರತಿ ನಷ್ಟವಾದರೆ ಸಾಕು, ಮಗು ಕಣ್ಣಿನ ಐರಿಸ್ ಇಲ್ಲದೆ ಅಥವಾ ಅರೆಬರೆ ಐರಿಸ್‌ನೊಂದಿಗೆ ಹುಟ್ಟುತ್ತದೆ. ಇನ್ನೊಂದು ಪ್ರತಿ ನಿರ್ದೋಷವಾಗಿಯೇ ಇರುತ್ತದೆ. ಅರ್ಧ ಪ್ರಮಾಣ ಸಾಲುವುದಿಲ್ಲ, ಅಷ್ಟೇ. ಇಲ್ಲಿ ಅರ್ಧ ಎಂಬುದು ಮುಖ್ಯವಾದರೆ ಒಂದೂವರೆ ಎಂಬುದೂ ಮುಖ್ಯವಾಗಬಹುದು ಎಂದು ಒಪ್ಪುವುದು ಕಷ್ಟವಲ್ಲ.

ಈ ತಿಳಿವಳಿಕೆ ಮನುಷ್ಯನ ವರ್ಣತಂತುಗಳನ್ನು ಸರಿಯಾಗಿ ಎಣಿಸುವುದಕ್ಕಿಂತ ಅರ್ಧ ಶತಮಾನ ಹಳೆಯದು ಎಂಬುದನ್ನೂ ಹೇಳಬೇಕು. 1902ರಲ್ಲಿ ಥಿಯೋಡೋರ್ ಬೋವೆರಿ ಕಡಲ ಮುಳ್ಳುಚೆಂಡಿನ ಅಂಡಾಣುಗಳಿಗೆ ಎರಡೆರಡು ವೀರ್ಯಾಣುಗಳು ಸೇರುವಂತೆ ಮಾಡಿದರು. ಆಗ ವರ್ಣತಂತುಗಳು ಮರಿಕೋಶಗಳಿಗೆ ಅಡ್ಡಾದಿಡ್ಡಿಯಾಗಿ ಹಂಚಿಹೋಗುತ್ತವೆ. ಆ ಭ್ರೂಣಗಳಲ್ಲಿ ಬಹುತೇಕ ಎಲ್ಲವೂ ವಿಕೃತವಾಗಿ ಬೆಳೆದವು, ಅದೂ ಒಂದೊಂದು ಒಂದೊಂದು ರೀತಿಯಲ್ಲಿ. ಪ್ರತಿ ವರ್ಣತಂತುವಿಗೂ ತನ್ನದೇ ಕೆಲಸವಿದೆ, ಪೂರ್ಣ ಜೊತೆಯಿಲ್ಲದೆ ಬೆಳವಣಿಗೆ ಸಾಗದು ಎಂಬ ನಿರ್ಣಯಕ್ಕೆ ಅವರು ಬಂದದ್ದು ಹೀಗೆ. ಮನುಷ್ಯನ ಕೋಶದಲ್ಲಿ ವರ್ಣತಂತುಗಳು 48 ಎಂದೇ ಪುಸ್ತಕಗಳು ಬಹಳ ಕಾಲ ಹೇಳುತ್ತಿದ್ದವು. 46 ಎಂದು ಚಿಯೋ ಮತ್ತು ಲೆವಾನ್ ಪ್ರಕಟಿಸಿದ್ದು 1956ರಲ್ಲಿ. ಮೂರೇ ವರ್ಷಗಳಲ್ಲಿ, 1959ರಲ್ಲಿ, ಲೆಜೂನ್, ಗೋಟಿಯೇ ಮತ್ತು ಟುರ್ಪಾನ್ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47ನೆಯದನ್ನು ತೋರಿಸಿದರು.

ಸಸ್ಯಾಸಕ್ತ

ಬೋವೆರಿಯವರ ಮಾತಿಗೆ ಸಸ್ಯಲೋಕದಿಂದ ಒಂದು ಸಾಕ್ಷಿಯನ್ನು ಸೇರಿಸುತ್ತೇನೆ, ಏಕೆಂದರೆ ಇಷ್ಟು ಸ್ಪಷ್ಟವಾದ ಪ್ರಯೋಗ ಪ್ರಾಣಿಗಳಲ್ಲಿ ಸಿಗುವುದು ವಿರಳ. ದತ್ತೂರ ಗಿಡದಲ್ಲಿ 12 ಜೊತೆ ವರ್ಣತಂತುಗಳಿವೆ. ಅಮೆರಿಕದ ಆಲ್ಬರ್ಟ್ ಬ್ಲೇಕ್ಸ್‌ಲಿ 1920ರ ದಶಕದಲ್ಲಿ ಒಂದೊಂದೇ ವರ್ಣತಂತು ಹೆಚ್ಚಾಗಿರುವ ಗಿಡಗಳನ್ನು ಗುರುತಿಸುತ್ತ ಹೋದರು. 12 ಬಗೆಯ ಹೆಚ್ಚುವರಿಗೂ 12 ಬಗೆಯ ಗಿಡಗಳು: ಒಂದರ ಕಾಯಿ ಗುಂಡಾದರೆ ಇನ್ನೊಂದರದು ನೀಳ, ಮತ್ತೊಂದರ ಮುಳ್ಳುಗಳು ಉದ್ದ. ಕಾಯಿಯನ್ನು ನೋಡಿಯೇ ಯಾವ ವರ್ಣತಂತು ಹೆಚ್ಚಾಗಿದೆ ಎಂದು ಹೇಳಬಹುದಾಗಿತ್ತು. ಅಲ್ಲಿ ಕೆಟ್ಟ ಜೀನ್ ಒಂದೂ ಇರಲಿಲ್ಲ.

ಇದಕ್ಕಿಂತಲೂ ಗಮನಾರ್ಹವಾದದ್ದು ಇನ್ನೊಂದಿದೆ. ಇಡೀ ಜೊತೆಯೇ ಇಮ್ಮಡಿಯಾದ ಗಿಡಗಳು, ಅಂದರೆ ಎಲ್ಲ ವರ್ಣತಂತುಗಳಿಗೂ ನಾಲ್ಕು ನಾಲ್ಕು ಪ್ರತಿಗಳಿರುವವು, ಒಂದೇ ಒಂದು ಹೆಚ್ಚಾಗಿರುವ ಗಿಡಗಳಿಗಿಂತ ಎಷ್ಟೋ ಸಹಜವಾಗಿ ಬೆಳೆಯುತ್ತವೆ. ನಾವು ತಿನ್ನುವ ಗೋಧಿಯಲ್ಲಿ ವರ್ಣತಂತುಗಳ ಆರು ಪೂರ್ಣ ಗಣಗಳಿವೆ. ಆದ್ದರಿಂದ ತೊಂದರೆ ಇರುವುದು ಒಟ್ಟು ಪ್ರಮಾಣ ಹೆಚ್ಚಾದದ್ದರಲ್ಲಿ ಅಲ್ಲ. ಒಂದಕ್ಕೊಂದರ ಅನುಪಾತ ಕೆಟ್ಟದ್ದರಲ್ಲಿ. ಪ್ರಾಣಿಗಳಿಗೆ ಇಡೀ ಜೊತೆಯ ಹೆಚ್ಚಳವೂ ಸಾಮಾನ್ಯವಾಗಿ ಸಹ್ಯವಲ್ಲ ಎಂಬುದು ನಿಜ. ಎಲ್ಲ ವರ್ಣತಂತುಗಳಿಗೂ ಮೂರು ಮೂರು ಪ್ರತಿಗಳಿರುವ ಮನುಷ್ಯ ಭ್ರೂಣಗಳು ಬಹುಪಾಲು ಗರ್ಭಪಾತದಲ್ಲಿ ಕೊನೆಗೊಳ್ಳುತ್ತವೆ. ಆದರೂ ಅನುಪಾತದ ಮಾತು ಅಲ್ಲಿಯೂ ಸುಳ್ಳಾಗುವುದಿಲ್ಲ.

ಶಂಕಾಪರ

ವಾದ ಸೊಗಸಾಗಿದೆ, ಆದರೆ ಎರಡು ಆಕ್ಷೇಪಗಳಿವೆ.

ಮೊದಲನೆಯದು: ಇಡೀ ವರ್ಣತಂತು ಹೆಚ್ಚಾದಾಗ ನೂರಾರು ಜೀನ್‌ಗಳು ಒಟ್ಟಿಗೆ ಹೆಚ್ಚಾಗುತ್ತವೆ. ಹಾಗಿರುವಾಗ ಪರಿಣಾಮಕ್ಕೆ ಜೀನ್‌ಗಳ ಪ್ರಮಾಣವೇ ಕಾರಣ, ಕೋಶದೊಳಗೆ ಹೆಚ್ಚುವರಿ ಡಿಎನ್‌ಎ ಇರುವುದೇ ಕಾರಣವಲ್ಲ ಎಂದು ಹೇಗೆ ಹೇಳುತ್ತೀರಿ? ಒಂದೇ ಜೀನ್‌ನ ಪ್ರತಿಗಳ ಸಂಖ್ಯೆಯನ್ನು ಮಾತ್ರ ಬದಲಿಸಿ ನೋಡಿದ ಸಾಕ್ಷಿ ಬೇಕು.

ಎರಡನೆಯದು ಇನ್ನೂ ಗಟ್ಟಿಯಾದದ್ದು. ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದು. ಎಕ್ಸ್ ವರ್ಣತಂತುವಿನಲ್ಲಿ 800ಕ್ಕೂ ಹೆಚ್ಚು ಪ್ರೋಟೀನ್ ಜೀನ್‌ಗಳಿವೆ, 21ನೆಯದರಲ್ಲಿ ಇರುವುದು 200ಕ್ಕಿಂತ ತುಸು ಹೆಚ್ಚು. ನಿಮ್ಮ ಅನುಪಾತದ ನಿಯಮ ಸತ್ಯವಾಗಿದ್ದರೆ ಮನುಷ್ಯ ಕುಲದ ಅರ್ಧದಷ್ಟು ಜನ ಬದುಕುವುದೇ ಅಸಾಧ್ಯವಾಗಬೇಕಿತ್ತು.

ಕೋಶವೀಕ್ಷಕಿ

ಎರಡೂ ಆಕ್ಷೇಪಗಳು ಸರಿಯಾದ ಜಾಗಕ್ಕೇ ಬಿದ್ದಿವೆ.

ಒಂದೇ ಜೀನ್‌ನ ಪ್ರಮಾಣದ ಸಾಕ್ಷಿಗೆ ನನ್ನ ಮೊದಲ ಆಯ್ಕೆ ನರಗಳ ಹೊದಿಕೆಯ ಒಂದು ಪ್ರೋಟೀನ್, ಪಿಎಂಪಿ-22. ಇದರ ಜೀನ್ 17ನೆಯ ವರ್ಣತಂತುವಿನಲ್ಲಿದೆ. ಆ ಭಾಗದ ಅಕ್ಕಪಕ್ಕದಲ್ಲಿ ಒಂದನ್ನೊಂದು ಹೋಲುವ ಡಿಎನ್‌ಎ ತುಣುಕುಗಳಿರುವುದರಿಂದ ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವ ಮಿಯಾಸಿಸ್ ವಿಭಜನೆಯಲ್ಲಿ ಜೊತೆ ವರ್ಣತಂತುಗಳು ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಕೆಲವೊಮ್ಮೆ ತಪ್ಪಾಗಿ ಜೋಡಿಯಾಗುತ್ತವೆ. ಒಂದಕ್ಕೆ ಆ ಭಾಗ ಎರಡು ಬಾರಿ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದೇ ಇಲ್ಲ. ಮೂರು ಪ್ರತಿಗಳು ಬಂದವರಿಗೆ ಕೈಕಾಲುಗಳ ಸ್ನಾಯುಗಳು ನಿಧಾನವಾಗಿ ಸೊರಗುವ ಷಾರ್ಕೋ-ಮೇರಿ-ಟೂತ್ ಕಾಯಿಲೆಯ 1ಎ ಬಗೆ ಬರುತ್ತದೆ. ಒಂದೇ ಪ್ರತಿ ಬಂದವರಿಗೆ ಬೇರೆಯದೇ ತೊಂದರೆ: ಸ್ವಲ್ಪ ಒತ್ತಡ ಬಿದ್ದರೂ ನರಗಳು ಜೋಮು ಹಿಡಿದು ತಾತ್ಕಾಲಿಕವಾಗಿ ಸೋಲುತ್ತವೆ. ಎರಡಿದ್ದವರಿಗೆ ಏನೂ ಇಲ್ಲ. ಜೀನ್‌ನ ಬರಹದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ಎಣಿಕೆ ಮಾತ್ರ.

ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿ ಇನ್ನೂ ಬೋಧಪ್ರದ. ಇದಕ್ಕೆ 16ನೆಯ ವರ್ಣತಂತುವಿನಲ್ಲಿ ಎರಡು ಜೀನ್‌ಗಳಿರುವುದರಿಂದ ನಮ್ಮಲ್ಲಿ ಒಟ್ಟು ನಾಲ್ಕು ಪ್ರತಿಗಳು. ಒಂದು ಇಲ್ಲವಾದರೆ ಗೊತ್ತೇ ಆಗುವುದಿಲ್ಲ. ಎರಡು ಹೋದರೆ ಅಲ್ಪ ರಕ್ತಹೀನತೆ. ಮೂರು ಹೋದರೆ ಗಂಭೀರ ಕಾಯಿಲೆ. ನಾಲ್ಕೂ ಇಲ್ಲವಾದರೆ ಭ್ರೂಣ ಸಾಮಾನ್ಯವಾಗಿ ಹುಟ್ಟುವ ಮೊದಲೇ ಅಥವಾ ಹುಟ್ಟಿದ ಕೂಡಲೇ ಅಸುನೀಗುತ್ತದೆ. ಮೂರು ಇಲ್ಲವಾದ ಹಂತದಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಿ. ಕೊರತೆಯಷ್ಟೇ ಅಲ್ಲ, ಜೊತೆಗಾರನಿಲ್ಲದೆ ಉಳಿದ ಬೀಟಾ ಸರಪಳಿಗಳು ತಮ್ಮತಮ್ಮಲ್ಲೇ ನಾಲ್ಕು ನಾಲ್ಕಾಗಿ ಕೂಡಿಕೊಂಡು ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಸಸ್ಯಾಸಕ್ತರು ಹೇಳಿದ ಅನುಪಾತ ಅಣುಗಳ ಮಟ್ಟದಲ್ಲಿ ಕಾಣುವುದು ಹೀಗೆ: ಬೀಟಾ ಜೀನ್‌ಗಳಲ್ಲಿ ಯಾವ ದೋಷವೂ ಇಲ್ಲದೆ ಬೀಟಾ ಸರಪಳಿಯೇ ಉಪದ್ರವವಾಗುತ್ತದೆ.

21ನೆಯ ವರ್ಣತಂತುವಿಗೇ ಮರಳುವುದಾದರೆ, ಅದರಲ್ಲಿ ಎಪಿಪಿ ಎಂಬ ಜೀನ್ ಇದೆ. ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಹುಟ್ಟುವುದು ಇದರ ಪ್ರೋಟೀನ್‌ನಿಂದ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆಲ್ಝೈಮರ್ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಹಿಂದಿನಿಂದಲೂ ಗೊತ್ತಿತ್ತು. 2006ರಲ್ಲಿ, ಎಪಿಪಿ ಇರುವ ಒಂದು ಚಿಕ್ಕ ಭಾಗ ಮಾತ್ರ ಇಮ್ಮಡಿಯಾಗಿರುವ ಕುಟುಂಬಗಳು ವರದಿಯಾದವು. ಅವರಿಗೆ ಡೌನ್ ಸಿಂಡ್ರೋಮ್ ಇರಲಿಲ್ಲ, ಆದರೆ ಅಕಾಲಿಕ ಆಲ್ಝೈಮರ್ ಇತ್ತು. ನೀವು ಕೇಳಿದ ಸಾಕ್ಷಿ ಇದಕ್ಕಿಂತ ನೇರವಾಗಿ ಸಿಗದು.

ಎಕ್ಸ್‌ನ ವಿಷಯದಲ್ಲಿ ನಿಮ್ಮ ತರ್ಕ ಸರಿಯಾಗಿದೆ, ಅಪವಾದವೇ ನಿಯಮವನ್ನು ದೃಢಪಡಿಸುತ್ತದೆ. ಎರಡು ಎಕ್ಸ್‌ಗಳು ಪೂರ್ಣವಾಗಿ ಕೆಲಸ ಮಾಡಿದ್ದರೆ ತೊಂದರೆಯಾಗುತ್ತಿತ್ತು. ಆದ್ದರಿಂದಲೇ ಅವು ಹಾಗೆ ಕೆಲಸ ಮಾಡುವುದಿಲ್ಲ. 1949ರಲ್ಲಿ ಬಾರ್ ಮತ್ತು ಬರ್ಟ್‌ರಾಮ್ ಹೆಣ್ಣು ಬೆಕ್ಕಿನ ನರಕೋಶಗಳಲ್ಲಿ, ಗಂಡು ಬೆಕ್ಕಿನಲ್ಲಿ ಕಾಣದ ಒಂದು ಗಾಢ ಚುಕ್ಕೆಯನ್ನು ಕಂಡಿದ್ದರು. ಅದು ಮಡಚಿಟ್ಟ ಎಕ್ಸ್ ಎಂಬ ವಿವರಣೆ 1961ರಲ್ಲಿ ಮೇರಿ ಲಯನ್ ಅವರ ಪ್ರಬಂಧದೊಂದಿಗೆ ನೆಲೆಯೂರಿತು. ಭ್ರೂಣದ ಆರಂಭದ ದಿನಗಳಲ್ಲಿ ಪ್ರತಿ ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು, ತಂದೆಯದನ್ನೋ ತಾಯಿಯದನ್ನೋ ಯಾದೃಚ್ಛಿಕವಾಗಿ ಆರಿಸಿ ಮೌನವಾಗಿಸುತ್ತದೆ. ಆ ಕೋಶದ ಸಂತತಿಯೆಲ್ಲವೂ ಅದೇ ಆಯ್ಕೆಯನ್ನು ಉಳಿಸಿಕೊಳ್ಳುತ್ತದೆ. ಕಪ್ಪು ಮತ್ತು ಕಿತ್ತಳೆ ಬಣ್ಣಗಳು ತೇಪೆತೇಪೆಯಾಗಿ ಹರಡಿರುವ ಬೆಕ್ಕುಗಳು ಹೆಚ್ಚುಕಡಿಮೆ ಹೆಣ್ಣೇ ಆಗಿರುವುದಕ್ಕೆ ಕಾರಣ ಇದು. ಪ್ರತಿ ಹೆಂಗಸೂ ಈ ಅರ್ಥದಲ್ಲಿ ಎರಡು ಬಗೆಯ ಕೋಶಗಳ ಮಿಶ್ರಣವೇ. ತೊಗಲ ಮೇಲೆ ಕಾಣದು, ಅಷ್ಟೆ.

ಜಿಜ್ಞಾಸು

ಹಾಗಾದರೆ ಟರ್ನರ್ ಸಿಂಡ್ರೋಮ್ ಏಕೆ ಬರಬೇಕು? ಒಂದು ಎಕ್ಸ್ ಹೇಗೂ ಮೌನವಾಗಿರುವುದಾದರೆ, ಒಂದೇ ಎಕ್ಸ್ ಇರುವ ಹುಡುಗಿಗೂ ಎರಡಿರುವವಳಿಗೂ ವ್ಯತ್ಯಾಸವೇ ಇರಬಾರದಲ್ಲವೇ?

ತಳಿವಿದ್ಯಾರ್ಥಿ

ಮೌನ ಪೂರ್ಣವಲ್ಲ ಎಂಬುದೇ ಉತ್ತರ. ಮಡಚಿಟ್ಟ ಎಕ್ಸ್‌ನಲ್ಲಿಯೂ ಸುಮಾರು ಶೇ. 15ರಷ್ಟು ಅಥವಾ ಅದಕ್ಕಿಂತ ಹೆಚ್ಚು ಜೀನ್‌ಗಳು ಕೆಲಸ ಮುಂದುವರಿಸುತ್ತವೆ. ಎಕ್ಸ್ ಮತ್ತು ವೈ ಎರಡರ ತುದಿಗಳಲ್ಲಿಯೂ ಸಮಾನವಾಗಿರುವ ಜೀನ್‌ಗಳು ಇವುಗಳಲ್ಲಿ ಮುಖ್ಯವಾದವು. ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಅವುಗಳ ಎರಡು ಪ್ರತಿಗಳು ಚಾಲ್ತಿಯಲ್ಲಿರುವುದು ಸಹಜ ಸ್ಥಿತಿ. ಮೂಳೆಗಳ ಬೆಳವಣಿಗೆಗೆ ಬೇಕಾದ ಶಾಕ್ಸ್ ಎಂಬ ಜೀನ್ ಅಲ್ಲಿಯೇ ಇದೆ. ಒಂದೇ ಎಕ್ಸ್ ಇದ್ದು ವೈ ಇಲ್ಲದಾಗ ಅದರ ಒಂದು ಪ್ರತಿ ಕೊರತೆಯಾಗುತ್ತದೆ, ಟರ್ನರ್ ಸಿಂಡ್ರೋಮ್‌ನ ಗಿಡ್ಡ ನಿಲುವಿಗೆ ಇದು ದೊಡ್ಡ ಕಾರಣ. ಎಕ್ಸ್‌ಗಳು ಹೆಚ್ಚಾದಾಗ ಪರಿಣಾಮ ಸೌಮ್ಯವಾಗಿರುವುದೂ ಇದೇ ತರ್ಕದಿಂದ: ಮೂರು ಎಕ್ಸ್‌ಗಳಿದ್ದರೆ ಎರಡು ಮೌನವಾಗುತ್ತವೆ, ಆದ್ದರಿಂದ ಅಂತಹ ಎಷ್ಟೋ ಮಹಿಳೆಯರಿಗೆ ವಿಷಯವೇ ಜೀವನಪೂರ್ತಿ ತಿಳಿಯುವುದಿಲ್ಲ. ಉಳಿದ ವರ್ಣತಂತುಗಳಿಗೆ ಇಂತಹ ಏರ್ಪಾಡಿಲ್ಲ. ಅವುಗಳಲ್ಲಿ ಒಂದು ಹೆಚ್ಚಾದರೂ ಮಗು ಹುಟ್ಟುವವರೆಗೆ ಬೆಳೆಯಬಹುದಾದವು ಹೆಚ್ಚುಕಡಿಮೆ 13, 18 ಮತ್ತು 21 ಮಾತ್ರ, ಮತ್ತು ಅತ್ಯಂತ ಕಡಿಮೆ ಜೀನ್‌ಗಳಿರುವವೂ ಈ ಮೂರೇ. ಗರ್ಭಪಾತವಾದ ಭ್ರೂಣಗಳಲ್ಲಿ ಹೆಚ್ಚಾಗಿ ಕಾಣುವ 16ರ ಮೂರು ಪ್ರತಿಗಳು ಹುಟ್ಟಿದ ಮಕ್ಕಳಲ್ಲಿ ಕಾಣುವುದೇ ಇಲ್ಲವೆನ್ನಬಹುದು.

ವೈ ವಿಷಯ ಬಂದದ್ದರಿಂದ ಒಂದು ಮಾತು. 1959ರಲ್ಲಿಯೇ ಎರಡು ಎಕ್ಸ್ ಹಾಗೂ ಒಂದು ವೈ ಇರುವವರು ಗಂಡಸರು, ಒಂದೇ ಎಕ್ಸ್ ಇರುವವರು ಹೆಂಗಸರು ಎಂದು ತಿಳಿದಾಗ, ಮನುಷ್ಯನಲ್ಲಿ ಗಂಡಾಗುವುದು ಎಕ್ಸ್‌ಗಳ ಎಣಿಕೆಯಿಂದಲ್ಲ, ವೈ ಇರುವುದರಿಂದ ಎಂಬುದು ಖಚಿತವಾಯಿತು. ಹಣ್ಣಿನ ನೊಣದಲ್ಲಿ ಹೀಗಲ್ಲ. ಮನುಷ್ಯನ ವೈನಲ್ಲಿ ಗಂಡಾಗಿಸುವ ಕೆಲಸ ಮಾಡುವ ಎಸ್‌ಆರ್‌ವೈ ಜೀನ್ 1990ರಲ್ಲಿ ಸಿಕ್ಕಿತು, ಮರುವರ್ಷವೇ ಎರಡು ಎಕ್ಸ್ ಇರುವ ಇಲಿಯ ಭ್ರೂಣಕ್ಕೆ ಅದನ್ನು ಸೇರಿಸಿದಾಗ ವೃಷಣಗಳು ಬೆಳೆದವು. ಆರನೆಯ ವಾರದವರೆಗೆ ಮನುಷ್ಯ ಭ್ರೂಣದ ಜನನಗ್ರಂಥಿ ಎರಡರಲ್ಲಿ ಯಾವುದೂ ಆಗಬಹುದಾದ ಸ್ಥಿತಿಯಲ್ಲಿರುತ್ತದೆ.

ಹೊಸ ಓದುಗ

ತಾಯಿಯ ವಯಸ್ಸಿನ ಬಗ್ಗೆ ಯಾರೂ ಹೇಳಿಲ್ಲ. ಹೆಚ್ಚುವರಿ ವರ್ಣತಂತು ಬರುವುದಕ್ಕೆ ತಾಯಿಯೇ ಕಾರಣ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದು ಎಷ್ಟರಮಟ್ಟಿಗೆ ನಿಜ?

ಕೋಶವೀಕ್ಷಕಿ

ಅಂಕಿಗಳು ನಿಜ, ಅದರಿಂದ ಜನ ಎಳೆಯುವ ತೀರ್ಮಾನ ನಿಜವಲ್ಲ. ಹೆಚ್ಚುವರಿ 21ನೆಯ ವರ್ಣತಂತು ಸುಮಾರು ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಅಂಡಾಣುವಿನಿಂದ ಬರುತ್ತದೆ. ಹೆಣ್ಣುಮಗು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಣುಗಳು ಮಿಯಾಸಿಸ್ ಆರಂಭಿಸಿ, ಜೊತೆ ವರ್ಣತಂತುಗಳು ಒಂದನ್ನೊಂದು ಹಿಡಿದುಕೊಂಡ ಸ್ಥಿತಿಯಲ್ಲಿ ನಿಂತುಬಿಡುತ್ತವೆ. ವಿಭಜನೆ ಮುಂದುವರಿಯುವುದು ಆ ಅಂಡಾಣು ಬಿಡುಗಡೆಯಾಗುವ ತಿಂಗಳಿನಲ್ಲಿ, ಅಂದರೆ ಹದಿನೈದು ವರ್ಷಗಳ ನಂತರವೂ ಆಗಬಹುದು, ನಲವತ್ತರ ನಂತರವೂ ಆಗಬಹುದು. ಅಷ್ಟು ಕಾಲ ವರ್ಣತಂತುಗಳನ್ನು ಹಿಡಿದಿಡುವ ಕೊಹೀಸಿನ್ ಎಂಬ ಪ್ರೋಟೀನ್ ಉಂಗುರಗಳು ಸವೆಯುತ್ತವೆ, ಜೊತೆಗಳು ಬೇಗ ಬಿಟ್ಟುಕೊಂಡು ತಪ್ಪು ದಿಕ್ಕಿಗೆ ಸಾಗುವ ಸಾಧ್ಯತೆ ಹೆಚ್ಚುತ್ತದೆ. ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ತಾಯಿಗೆ 35 ಆಗಿರುವಾಗ ಸುಮಾರು 350ರಲ್ಲಿ ಒಂದು, 40ರಲ್ಲಿ ಸುಮಾರು 100ರಲ್ಲಿ ಒಂದು. ಇದರಲ್ಲಿ ಆಕೆಯ ನಡತೆಗೆ, ಆಹಾರಕ್ಕೆ, ಮನಃಸ್ಥಿತಿಗೆ ಪಾತ್ರವಿಲ್ಲ.

ತಂದೆಯ ವಯಸ್ಸಿಗೂ ಪಾಲಿದೆ, ಆದರೆ ಬೇರೆ ಬಗೆಯದು. ವೀರ್ಯಾಣುಗಳನ್ನು ಹುಟ್ಟಿಸುವ ಕೋಶಗಳು ಜೀವನವಿಡೀ ವಿಭಜಿಸುತ್ತಲೇ ಇರುವುದರಿಂದ ನಕಲು ಮಾಡುವಾಗಿನ ಅಕ್ಷರದೋಷಗಳು ಅಲ್ಲಿ ಕೂಡುತ್ತ ಹೋಗುತ್ತವೆ. ತಂದೆತಾಯಿಯರಿಬ್ಬರಲ್ಲೂ ಇಲ್ಲದ ಅರವತ್ತು ಎಪ್ಪತ್ತು ಹೊಸ ಬದಲಾವಣೆಗಳು ಪ್ರತಿ ಮಗುವಿನಲ್ಲೂ ಇರುತ್ತವೆ, ಅವುಗಳಲ್ಲಿ ಬಹುಪಾಲು ತಂದೆಯಿಂದ ಬಂದವು ಮತ್ತು ಬಹುಪಾಲು ನಿರುಪದ್ರವಿಯಾದವು. ಎಣಿಕೆಯ ತಪ್ಪು ಅಂಡಾಣುವಿನ ಕಡೆ ಹೆಚ್ಚು, ಬರಹದ ತಪ್ಪು ವೀರ್ಯಾಣುವಿನ ಕಡೆ ಹೆಚ್ಚು.

ಶಂಕಾಪರ

ಎಣಿಕೆ ಸರಿಯಿದ್ದೂ ತೊಂದರೆಯಾಗುವ ಸಂದರ್ಭವನ್ನು ಇಲ್ಲಿ ಸೇರಿಸದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. 15ನೆಯ ವರ್ಣತಂತುವಿನ ಒಂದು ಭಾಗದಲ್ಲಿ ಕೆಲವು ಜೀನ್‌ಗಳು ತಂದೆಯಿಂದ ಬಂದ ಪ್ರತಿಯಲ್ಲಿ ಮಾತ್ರ ಚಾಲೂ ಇರುತ್ತವೆ; ಇನ್ನೊಂದು ಜೀನ್ ಮಿದುಳಿನ ನರಕೋಶಗಳಲ್ಲಿ ತಾಯಿಯಿಂದ ಬಂದ ಪ್ರತಿಯಲ್ಲಿ ಮಾತ್ರ. ಮಗುವಿಗೆ ಎರಡೂ 15ನೆಯ ವರ್ಣತಂತುಗಳು ತಾಯಿಯಿಂದಲೇ ಬಂದರೆ ಪ್ರೇಡರ್-ವಿಲ್ಲಿ ಸಿಂಡ್ರೋಮ್, ಎರಡೂ ತಂದೆಯಿಂದಲೇ ಬಂದರೆ ಏಂಜಲ್‌ಮನ್ ಸಿಂಡ್ರೋಮ್. ಸೂಕ್ಷ್ಮದರ್ಶಕದಡಿ ಎಣಿಸಿದರೆ ಎರಡೂ ಸಂದರ್ಭಗಳಲ್ಲಿ 46 ವರ್ಣತಂತುಗಳೇ ಕಾಣುತ್ತವೆ.

ತಳಿವಿದ್ಯಾರ್ಥಿ

ಅದು ಪ್ರಮಾಣದ ವಾದಕ್ಕೆ ಹೊರತಲ್ಲ, ಅದರದ್ದೇ ಇನ್ನೊಂದು ರೂಪ. ಚಾಲೂ ಇರುವ ಪ್ರತಿಗಳನ್ನು ಎಣಿಸಿ ನೋಡಿ: ಒಂದು ಇರಬೇಕಾದಲ್ಲಿ ಸೊನ್ನೆ ಇದೆ. 1984ರಲ್ಲಿ ಇಲಿಗಳಲ್ಲಿ ಇದನ್ನು ಇಡೀ ಜೀನೋಮ್‌ನ ಮಟ್ಟದಲ್ಲಿ ಪರೀಕ್ಷಿಸಿದ್ದರು. ವರ್ಣತಂತುಗಳೆಲ್ಲವೂ ತಾಯಿಯವಾಗಿದ್ದಾಗಲಿ, ತಂದೆಯವಾಗಿದ್ದಾಗಲಿ ಭ್ರೂಣ ಬೆಳವಣಿಗೆ ಮುಗಿಸಲಿಲ್ಲ.

ಇದೇ ದಾರಿಯಲ್ಲಿ 2013ರ ಒಂದು ಪ್ರಯೋಗವನ್ನು ಉಲ್ಲೇಖಿಸಲೇಬೇಕು. ಎಕ್ಸ್ ಅನ್ನು ಮೌನವಾಗಿಸುವ ಆರ್‌ಎನ್‌ಎ ಹುಟ್ಟುವುದು ಎಕ್ಸಿಸ್ಟ್ ಎಂಬ ಜೀನ್‌ನಿಂದ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿಜ್ಞಾನಿ ಜೀನ್ ಲಾರೆನ್ಸ್ ಅವರ ತಂಡ, ಡೌನ್ ಸಿಂಡ್ರೋಮ್ ಇರುವ ವ್ಯಕ್ತಿಯ ಕೋಶದಿಂದ ಪಡೆದ ಆಕರ ಕೋಶಗಳಲ್ಲಿ, ಅದನ್ನು ಮೂರು 21ನೆಯ ವರ್ಣತಂತುಗಳ ಪೈಕಿ ಒಂದಕ್ಕೆ ಸೇರಿಸಿತು. ಆ ವರ್ಣತಂತು ಮಡಚಿಕೊಂಡು ಮೌನವಾಯಿತು. ಎಕ್ಸ್‌ಗೆ ಮಾತ್ರ ಮೀಸಲಾದ ಏರ್ಪಾಡು ಬೇರೆ ವರ್ಣತಂತುವಿನ ಮೇಲೂ ನಡೆಯುತ್ತದೆ ಎಂಬುದು ಅಲ್ಲಿ ಸಿದ್ಧವಾಯಿತು. ಇದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಾತು, ಚಿಕಿತ್ಸೆಯಲ್ಲ. ಮಿದುಳು ಮತ್ತು ಹೃದಯದ ರಚನೆ ಗರ್ಭದಲ್ಲೇ ನಡೆದುಹೋಗಿರುವಾಗ ತಡವಾಗಿ ಮೌನವಾಗಿಸಿ ಏನನ್ನು ಬದಲಿಸಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಹೊಸ ಓದುಗ

ಕೊನೆಯದಾಗಿ ಒಂದು ಪ್ರಾಯೋಗಿಕ ಪ್ರಶ್ನೆ. ಒಂದು ಮಗುವಿಗೆ ಡೌನ್ ಸಿಂಡ್ರೋಮ್ ಇದ್ದರೆ ಮುಂದಿನ ಮಗುವಿಗೂ ಬರುತ್ತದೆಯೇ?

ಕೋಶವೀಕ್ಷಕಿ

ವರ್ಣತಂತುಗಳನ್ನು ಎಣಿಸಿ, ಅವುಗಳ ಆಕಾರವನ್ನು ನೋಡುವ ಕ್ಯಾರಿಯೋಟೈಪ್ ಪರೀಕ್ಷೆಯಲ್ಲಿ ಬಂದ ಮಗುವಿನ ವರದಿಯನ್ನು ನೋಡದೆ ಇದಕ್ಕೆ ಉತ್ತರಿಸಬಾರದು. ಸುಮಾರು ಶೇ. 95ರಷ್ಟು ಸಂದರ್ಭಗಳಲ್ಲಿ ಮೂರು ಬಿಡಿ 21ನೆಯ ವರ್ಣತಂತುಗಳಿರುತ್ತವೆ, ಅದು ಒಂದು ಅಂಡಾಣು ಅಥವಾ ವೀರ್ಯಾಣುವಿನಲ್ಲಿ ನಡೆದ ಆಕಸ್ಮಿಕ, ಮರುಕಳಿಸುವ ಸಂಭವ ಕಡಿಮೆ. ಯುವ ತಾಯಂದಿರಲ್ಲಿ ಅದನ್ನು ಸಾಮಾನ್ಯವಾಗಿ ಶೇ. 1ರ ಆಸುಪಾಸಿನಲ್ಲಿ ಎಣಿಸುತ್ತಾರೆ. ಶೇ. 3ರಿಂದ 4ರಷ್ಟರಲ್ಲಿ ಹೆಚ್ಚುವರಿ 21 ಇನ್ನೊಂದು ವರ್ಣತಂತುವಿಗೆ, ಹೆಚ್ಚಾಗಿ 14ಕ್ಕೆ, ಅಂಟಿಕೊಂಡಿರುತ್ತದೆ. ಆಗ ತಂದೆ ಅಥವಾ ತಾಯಿ 45 ವರ್ಣತಂತುಗಳ ಸಮತೋಲಿತ ವಾಹಕರಾಗಿರಬಹುದು: ಜೀನ್‌ಗಳ ಪ್ರಮಾಣ ಸರಿಯಾಗಿರುವುದರಿಂದ ಅವರಿಗೇನೂ ತೊಂದರೆಯಿಲ್ಲ, ಆದರೆ ಮಕ್ಕಳಿಗೆ ಹಂಚುವಾಗ ಲೆಕ್ಕ ತಪ್ಪುತ್ತದೆ. ವಾಹಕರು ತಾಯಿಯಾಗಿದ್ದರೆ ಮರುಕಳಿಸುವ ಸಂಭವ ಶೇ. 10ರಿಂದ 15, ತಂದೆಯಾಗಿದ್ದರೆ ಅದಕ್ಕಿಂತ ಬಹಳ ಕಡಿಮೆ. ಎರಡು 21ಗಳೇ ಒಂದಕ್ಕೊಂದು ಅಂಟಿಕೊಂಡಿರುವ ಅಪರೂಪದ ವಾಹಕರಿಗೆ ಹುಟ್ಟುವ ಎಲ್ಲ ಮಕ್ಕಳಿಗೂ ಡೌನ್ ಸಿಂಡ್ರೋಮ್ ಇರುತ್ತದೆ. ಹೀಗಾಗಿ ಮಗುವಿನ ವರದಿಯಲ್ಲಿ ಅಂಟಿಕೊಂಡ ವರ್ಣತಂತು ಕಂಡಾಗ ತಂದೆತಾಯಿಯರಿಬ್ಬರ ರಕ್ತವನ್ನೂ ಪರೀಕ್ಷಿಸುತ್ತಾರೆ. ಮೂರು ಬಿಡಿ ಪ್ರತಿಗಳಷ್ಟೇ ಕಂಡಾಗ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.